ಟೋಪಿ ಬೀಸಿ ಕರೆದದ್ದು

ಇಂಕಾಗಳ ಹಾಳು ಕೋಟೆಯಲ್ಲಿ ಏನನ್ನೋ ಕಂಡು ಬೆದರಿ ಬಂದ ನಿಲ್ಡಾ ಊಟ, ಮಾತು ಎರಡನ್ನೂ ಬಿಟ್ಟಿದ್ದಳು. ಜೀವ ಅಲ್ಲೇ ಉಳಿದಿದೆ ಎಂದರ್ಥ. ಬೆದರಿದವರು ತೊಟ್ಟದ್ದನ್ನು ಬೀಸಿ ಕರೆದರೆ ಜೀವ ವಾಸನೆ ಹಿಡಿದು ಹಿಂದೆ ಬರುತ್ತದೆ. ನಮ್ಮ ಬೆಟ್ಟದಲ್ಲಿ ಇದನ್ನು ಯಾರೂ ಕಲಿಸಬೇಕಿಲ್ಲ.

ಮಧ್ಯಾಹ್ನ ನಾನೂ ನಿಲ್ಡಾಳ ತಾಯಿ, ನನ್ನ ತಮ್ಮನ ಹೆಂಡತಿ ಎರ್ಮಿನಿಯಾಳೂ ಆ ಕೋಟೆಗೆ ಹೋದೆವು. ನಾನು ಕಲ್ಲಿನ ಸಂದಿಯಲ್ಲಿ ಕಾಣಿಕೆಯೆಂದು ಮೂರು ಕೋಕಾ ಎಲೆ ಇಟ್ಟೆ. ಅವಳು ನಿಲ್ಡಾಳ ಟೋಪಿ ಬೀಸುತ್ತಾ, "ಬಾ ಮಗಳೇ, ಮನೆಗೆ ಹೋಗೋಣ ಬಾ" ಎಂದು ಅಳುತ್ತಾ ಕರೆದಳು.

ಮರಳುವಾಗ ತಿರುಗಿ ನೋಡುವಂತಿಲ್ಲ. ಹಾಗಾಗಿ ಅವಳ ಕೈಲಿದ್ದ ಟೋಪಿಯನ್ನೇ ನೋಡುತ್ತಾ ನಡೆದೆ. ಅದರ ಕೆಂಪು ಅಂಚಿನ ಗುರುತು ಹತ್ತಿತು.

"ಏನೇ, ಇದು ವಿಲ್ಮಾದಲ್ವಾ?"

ವಿಲ್ಮಾ ಅವಳ ಹಿರಿಮಗಳು, ನಿಲ್ಡಾಳ ಅಕ್ಕ. ಹೋದ ವರ್ಷ ಅದೇ ಕೋಟೆಯ ಗೋಡೆಯಿಂದ ಬಿದ್ದು ಸತ್ತವಳು.

"ಹೂಂ ಅತ್ತಿಗೆ. ಈಗ ನಿಲ್ಡಾ ಹಾಕ್ಕೋತಾಳೆ. ಯಾಕೆ?"

"ನಿನ್ನ ತಲೆಗಿಷ್ಟು! ಸತ್ತವಳ ಟೋಪಿ ಬೀಸಿ ಬರೀ 'ಮಗಳೇ' ಅಂದ್ಯಲ್ಲೇ, ಹೆಸರು ಹಿಡಿದು ಕರೆಯೋಕೆ ಏನಾಗಿತ್ತು?"

ಅವಳು ಮನೆಯತ್ತ ಓಡತೊಡಗಿದಳು.

ಮನೆಯಲ್ಲಿ ನಿಲ್ಡಾ ಎದ್ದು ಕೂತು ಬೇಯಿಸಿದ ಆಲೂಗಡ್ಡೆ ತಿನ್ನುತ್ತಿದ್ದಳು. ನಮ್ಮನ್ನು ಕಂಡು ನಕ್ಕು, ಬಾಯಿ ಒರೆಸಿಕೊಂಡು ಕೇಳಿದಳು:

"ಅಮ್ಮಾ, ತಂಗಿ ಎಲ್ಲಿ?"