ಎಡಹೆಗಲ ರಫೂ

ಈ ಕೌದಿ ಕಣ್ಣಿಗೆ ಬಿದ್ದರೆ ನನಗೆ ಮೈ ಉರಿಯುತ್ತದೆ. ಮೊನ್ನೆ ಮೊನ್ನೆಯವರೆಗೂ ಇದನ್ನೇ ತೊಡೆಯ ಮೇಲೆ ಹರವಿಕೊಂಡು, ಓಣಿಯಲ್ಲಿ ಹೋಗಿಬರುವವರನ್ನೆಲ್ಲ ಕರೆದು ಕರೆದು ತೋರಿಸುತ್ತಿದ್ದವಳೂ ನಾನೇ. ನನ್ನ ಬಾಯಿಗಿಷ್ಟು ಮಣ್ಣು ಹಾಕ!

ನಾನು ಏಕನಾಥಮ್ಮ. ಚಿತ್ರದುರ್ಗದಲ್ಲಿ ಕೋಟೆ ಕೆಳಗಿನ ಓಣಿಯಲ್ಲಿ ಮನೆ. ನಲವತ್ತು ವರ್ಷದಿಂದ ಕೌದಿ ಹೊಲಿಯುತ್ತಿದ್ದೇನೆ. ಹಿರಿಯೂರು, ಹೊಸದುರ್ಗದ ಕಡೆಯಿಂದಲೂ ಹಳೇ ಸೀರೆಯ ಗಂಟು ಹೊತ್ತುಕೊಂಡು ಬಸ್ಸಿಳಿದು ಬರುತ್ತಾರೆ. ಗಂಟು ಬಿಚ್ಚಿದರೆ ಸಾಕು, ಉಟ್ಟವಳು ಹೇಗೆ ಬದುಕಿದಳು ಎಂದು ಹೇಳಿಬಿಡುತ್ತೇನೆ. ಮೊಣಕಾಲಿನ ಹತ್ತಿರ ಜಾಳಾಗಿದ್ದರೆ ನೆಲ ಒರೆಸಿದವಳು. ಸೊಂಟದ ಹತ್ತಿರ ಸವೆದಿದ್ದರೆ ಕೊಡ ಹೊತ್ತವಳು, ಇಲ್ಲವೇ ಕೂಸು ಹೊತ್ತವಳು. ಸೆರಗಿನ ತುದಿ ಚಿಂದಿಯಾಗಿದ್ದರೆ ಅದರಲ್ಲೇ ಬಿಸಿ ಪಾತ್ರೆ ಇಳಿಸಿದವಳು. "ಬಟ್ಟೆ ನನ್ ಹತ್ರ ಸುಳ್ಳು ಹೇಳಂಗಿಲ್ಲ" ಎಂದು ಎಲ್ಲರೆದುರೂ ಜಂಬ ಕೊಚ್ಚಿಕೊಳ್ಳುತ್ತಿದ್ದೆ.

ನನಗೆ ಮೇಘಶ್ರೀ ಒಬ್ಬಳೇ ಮಗಳು. ಅವರಪ್ಪ ತೀರಿಕೊಂಡ ಮೇಲೆ ಈ ಸೂಜಿಯಲ್ಲೇ ಓದಿಸಿದೆ. ಹೊಳಲ್ಕೆರೆಗೆ ಕೊಟ್ಟು ಮೂರು ವರ್ಷವಾಯಿತು. ಅಳಿಯ ಕೊಟ್ರೇಶ್ ಅಡಿಕೆ ವ್ಯಾಪಾರದವನು, ನೋಡಲು ಲಕ್ಷಣವಾಗಿದ್ದಾನೆ, ನನ್ನೆದುರು ದನಿ ಎತ್ತಿ ಮಾತಾಡಿದವನಲ್ಲ. ಮೇಘ ಅಲ್ಲೇ ಒಂದು ಶಾಲೆಯಲ್ಲಿ ಟೀಚರ್ ಆಗಿದ್ದಳು. ಬಸುರಿಯಾಗುವ ಮೊದಲೇ ಕೆಲಸ ಬಿಟ್ಟಳು. ಯಾಕೇ ಎಂದು ಕೇಳಿದರೆ "ಸಾಕಾತವ್ವ" ಎಂದಳು. ಒಳ್ಳೇದೇ ಆಯಿತು ಬಿಡು ಎಂದು ನಾನೂ ಸುಮ್ಮನಾದೆ.

ಹೆರಿಗೆಗೆ ಬಂದಾಗ ಒಂದು ಗಂಟು ತಂದಿದ್ದಳು. ಒಳಗೆ ಶಾಲೆಗೆ ಉಡುತ್ತಿದ್ದ ಏಳು ಕಾಟನ್ ಸೀರೆಗಳು.

"ಕೂಸಿನ ಕೌದಿಗೆ ಇವನ್ನೇ ಹಾಕವ್ವ."

"ಏನೇ, ಎರಡು ವರ್ಷ ಉಟ್ಟಿಲ್ಲ, ಆಗ್ಲೇ ಹಳೇವಾದ್ವಾ?"

"ನೀನೇ ನೋಡು."

ನೋಡಿದೆ. ಏಳರಲ್ಲೂ ರಫೂ. ಎಂಥ ರಫೂ ಅಂತೀರಿ! ಹರಿದ ಬಾಯಿಗೆ ಅದೇ ಬಣ್ಣದ ಎಳೆ ಹೊಂದಿಸಿ, ಅಡ್ಡ ಒಂದು ಉದ್ದ ಒಂದು ಹೆಣೆದು, ಬೆರಳಿಗೆ ಸಿಕ್ಕಬೇಕೇ ಹೊರತು ಕಣ್ಣಿಗೆ ಸಿಕ್ಕಬಾರದು, ಹಾಗೆ ಕೂಡಿಸಿದ್ದಳು. ಅವಳು ಹತ್ತು ವರ್ಷದವಳಿದ್ದಾಗ ನಾನೇ ಕಲಿಸಿದ್ದು. ಓದಿನಲ್ಲಿ ಬಿದ್ದು ಸೂಜಿ ಹಿಡಿಯುವುದನ್ನೇ ಮರೆತಿದ್ದಾಳೆ ಅಂದುಕೊಂಡಿದ್ದ ನನಗೆ ಕಣ್ಣು ತುಂಬಿ ಬಂತು.

"ಏನ್ ಕೈಯೇ ನಿಂದು! ನನಗಿಂತ ಚೆನ್ನಾಗಿ ಮಾಡಿದೀಯಲ್ಲೇ!" ಎಂದೆ.

ಅವಳು ನನ್ನ ಮುಖವನ್ನೇ ನೋಡುತ್ತ ನಿಂತಿದ್ದಳು. ಆಮೇಲೆ ಒಳಗೆ ಹೋದಳು. ಹೊಗಳಿದ್ದಕ್ಕೆ ನಾಚಿಕೆಯಾಯಿತೇನೋ ಅಂದುಕೊಂಡೆ.

ಹೆಣ್ಣು ಕೂಸು ಹುಟ್ಟಿತು. ಬಾಣಂತನದ ಗಡಿಬಿಡಿ ಮುಗಿದದ್ದೇ ನಾನು ಕೌದಿಗೆ ಕೂತೆ. ನಮ್ಮಲ್ಲಿ ಮೊದಲನೇ ಕೂಸು ಐದನೇ ತಿಂಗಳಲ್ಲಿ ತಂದೆ ಮನೆಗೆ ಹೋಗುವಾಗ ಅಜ್ಜಿ ಹೊಲಿದ ಕೌದಿಯಲ್ಲೇ ಸುತ್ತಿಕೊಂಡು ಹೋಗಬೇಕು. ಕೌದಿಯ ಒಂದು ಮೂಲೆಯನ್ನು ನಾಲ್ಕು ಬೆರಳಷ್ಟು ಹೊಲಿಯದೆ ಬಿಟ್ಟಿರುತ್ತೇವೆ. ಬೀಗರು ಬಂದು ಕೂತ ಮೇಲೆ, ಆ ಮೂಲೆಯೊಳಗೆ ಒಂದು ಚೂರು ರೊಟ್ಟಿ, ಒಂದು ಚೂರು ಬೆಲ್ಲ ಇಟ್ಟು ಎಲ್ಲರೆದುರು ಹೊಲಿದು ಮುಚ್ಚಬೇಕು. ಕೌದಿಯ ಹೊಟ್ಟೆ ತುಂಬುವುದು ಎನ್ನುತ್ತಾರೆ ಅದಕ್ಕೆ. ಖಾಲಿ ಹೊಟ್ಟೆಯ ಕೌದಿ ನಮ್ಮ ಮನೆಯ ಹೊಸ್ತಿಲು ದಾಟಿದ್ದಿಲ್ಲ.

ಆ ಕೌದಿಯನ್ನು ನಾನು ಎಷ್ಟು ಪ್ರೀತಿಸಿದೆ ಎಂದರೆ ಬೇರೆಯವರ ಕೆಲಸವನ್ನೆಲ್ಲ ಮೂಲೆಗೆ ತಳ್ಳಿದೆ. ನಟ್ಟನಡುವೆ ನನ್ನ ಧಾರೆ ಸೀರೆಯ ಕೆಂಪು ತುಂಡು ಇಟ್ಟು, ಅದರ ಸುತ್ತ ಮಗಳ ರಫೂ ಇರುವ ಏಳು ತುಂಡುಗಳನ್ನು ಕೂರಿಸಿದೆ. ಅಜ್ಜಿ ಕಲಿಸಿದ್ದು, ತಾಯಿ ಹೊಲಿದದ್ದು, ಮೊಮ್ಮಗಳ ಕೆನ್ನೆಗೆ ತಾಗಲಿ ಎಂದು. ಊಟಕ್ಕೆ ಕೂತರೂ ಅದು ಪಕ್ಕದಲ್ಲೇ ಇರಬೇಕಿತ್ತು. ಮೇಘ ಮಾತ್ರ ಅದನ್ನು ಒಂದು ದಿನವೂ ಮುಟ್ಟಲಿಲ್ಲ.

ಬೀಗರು ಬರಲು ಮೂರು ದಿನವಿತ್ತು. ಪಕ್ಕದ ಮನೆಯ ಪ್ಯಾರಿ ಬೀ ದಾರದ ಉಂಡೆ ಕೊಡಲು ಬಂದಳು. ಅವಳ ಗಂಡನದು ಟೈಲರ್ ಅಂಗಡಿ, ಅವಳೂ ಮಿಷಿನ್ ಮುಂದೆಯೇ ಮುದುಕಿಯಾದವಳು. ಬಟ್ಟೆಯ ವಿಷಯದಲ್ಲಿ ನಾನು ಮಾತು ಕೇಳುವುದಾದರೆ ಅವಳೊಬ್ಬಳದೇ. ಹಿಡಿದು ಕೂರಿಸಿ ಮಗಳ ರಫೂ ತೋರಿಸಿದೆ. ಕನ್ನಡಕ ಏರಿಸಿಕೊಂಡು ಒಂದೊಂದೇ ತುಂಡಿನ ಮೇಲೆ ಬೆರಳಾಡಿಸಿದಳು. ಏಳನೆಯದಕ್ಕೆ ಬಂದು ಬೆರಳು ನಿಂತಿತು.

"ಏಕನಾಥಮ್ಮ, ಇವನ್ನ ಸೀರೆಯಾಗೆ ಎಲ್ಲಿಂದ ಕತ್ತರಿಸ್ದೆ?"

"ಸೆರಗಿಂದ ಈಚೆಗೆ. ಹೆಗಲ ಹತ್ರ."

"ಏಳೂನೂ?"

"ಹೂಂ, ಏಳೂ..."

ಏಳು ಸೀರೆಗೂ ಒಂದೇ ಅಳತೆಗೆ ಕತ್ತರಿ ಇಟ್ಟಿದ್ದೆ, ನನ್ನ ಕೈಯಾರೆ.

"ಇಲ್ನೋಡು, ಪಿನ್ನಿನ ತೂತು," ಎಂದಳು ಪ್ಯಾರಿ ಬೀ. "ಇಲ್ಲಿಂದ ಕೆಳಗೆ ಸೀಳೈತೆ. ಸವ್ದು ಹರದಿದ್ದಲ್ಲ ಇದು. ಎಳ್ದು ಹರದಿದ್ದು."

"ಬಸ್ನಾಗೆ ಸಿಕ್ಕಂಡಿರ್ಬೇಕು."

"ಏಳು ಸಲನಾ?"

ಅವಳು ಕನ್ನಡಕ ತೆಗೆದಳು. ನಾನು ಎದ್ದೆ. ಮೇಘ ನಡುಮನೆಯಲ್ಲಿ ಕೂಸಿಗೆ ಎಣ್ಣೆ ತಿಕ್ಕುತ್ತಿದ್ದಳು.

"ಆ ಸೀರೆಗಳನ್ನ ಯಾರೇ ಎಳ್ದಿದ್ದು?"

ಅವಳು ತಲೆ ಎತ್ತಲಿಲ್ಲ. ಕೂಸಿನ ಕಾಲು ನೀವುತ್ತಲೇ ಹೇಳಿದಳು. "ಸ್ಕೂಲಿಗೆ ಹೊರಟು ನಿಂತಾಗ ಅವ್ರು ಬಾಗಿಲಾಗೆ ಹಿಡ್ಕಂಡು ಎಳೀತಿದ್ರು. ಯಾರಿಗೆ ತೋರ್ಸಾಕೆ ಹಿಂಗೆ ಉಟ್ಕಂಡು ಹೋಗ್ತೀಯ ಅಂತ. ಒಂದಿನ ಮೆಟ್ಲ ಮೇಲೆ ಬಿದ್ದೆ. ಅವತ್ತೇ ಕೆಲ್ಸ ಬಿಟ್ಟಿದ್ದು."

"ಹೊಡೀತಾನೇನೇ?"

"ಹೊಡುದ್ರೆ ಕಾಣ್ತೈತೆ ಅಂತ ಅವ್ರಿಗೆ ಗೊತ್ತು."

"ಅಯ್ಯೋ ನಿನ್ನ! ನನಗ್ಯಾಕೆ ಒಂದು ಮಾತು ಹೇಳ್ಲಿಲ್ಲ?"

ಅವಳು ಕೂಸನ್ನು ಎತ್ತಿಕೊಂಡು ಬಚ್ಚಲಿಗೆ ಹೋದಳು.

ಹೊರಗೆ ಬಂದು ಕೌದಿ ನೋಡಿದೆ. ಥೂ! ಎಂಥ ಹೊಲಸು ಕೆಲಸ ಮಾಡಿದ್ದೆ ನಾನು! ನನ್ನ ಮಗಳನ್ನು ಅವನು ಎಳೆದಾಡಿದ ಏಳು ಜಾಗಗಳನ್ನು ಆರಿಸಿ ಆರಿಸಿ ತೆಗೆದು, ನಡುವೆ ಹೂವಿನ ಹಾಗೆ ಜೋಡಿಸಿ, ಮೇಲೆ ಸಾಲುಸಾಲಾಗಿ ಹೊಲಿಗೆ ಹಾಕಿ, ಅದರ ಮೇಲೆ ಅವನ ಕೂಸನ್ನು ಮಲಗಿಸಲು ಹೊರಟಿದ್ದೆ. ಅವನಿಗೆ ಬಯ್ದೆ. ಅವನನ್ನು ಹೆತ್ತವಳಿಗೆ ಬಯ್ದೆ. ಕೌದಿಯನ್ನು ನೀರೊಲೆಗೆ ತುರುಕಲು ಎತ್ತಿಕೊಂಡೇ ಹೋದೆ. ಪ್ಯಾರಿ ಬೀ ರಟ್ಟೆ ಹಿಡಿದು ನಿಲ್ಲಿಸಿದಳು.

"ಸುಡಬ್ಯಾಡ. ಸುಟ್ರೆ ಅವ್ನಿಗೇ ಒಳ್ಳೇದು."

ಮೂರು ದಿನ ಕೂತು ಆ ಏಳು ತುಂಡುಗಳನ್ನು ಬಿಚ್ಚಿದೆ. ಹೊಲಿಯುವಾಗ ಹಾಡಿಕೊಂಡು ಹೊಲಿದಿದ್ದೆ, ಬಿಚ್ಚುವಾಗ ಹಲ್ಲು ಕಡಿದುಕೊಂಡು ಬಿಚ್ಚಿದೆ. ಹೊಲಿಗೆ ಗಟ್ಟಿಯಾಗಿದ್ದದ್ದಕ್ಕೆ ನನ್ನ ಕೈಯನ್ನೇ ಶಪಿಸಿದೆ.

ಬುಧವಾರ ಕೊಟ್ರೇಶ್ ಅವನ ತಾಯಿ ಪಾರ್ವತಮ್ಮನನ್ನು ಕರೆದುಕೊಂಡು ಕಾರಿನಲ್ಲಿ ಬಂದ. "ಬರ್ರಿ, ಕುಂತ್ಕಳ್ರಿ" ಎಂದೆ. ನೀರು ಕೊಟ್ಟೆ. ಕಾಫಿ ಕೊಡಲಿಲ್ಲ.

"ಜಲ್ದಿ ಕೌದಿ ತರ್ರಿ ಏಕನಾಥಮ್ಮಾರೆ, ಹನ್ನೆರಡಕ್ಕೆ ರಾಹುಕಾಲ ಬರ್ತೈತೆ," ಎಂದರು ಪಾರ್ವತಮ್ಮ.

ತಂದು ಚಾಪೆಯ ಮೇಲೆ ಹರವಿದೆ. ಕೆಂಪು ತುಂಡಿನ ಸುತ್ತ ಏಳು ತೂತು, ಒಳಗಿನ ಹಳೇ ಬಟ್ಟೆ ಕಾಣುತ್ತಿತ್ತು.

"ಅಯ್ಯ, ಇದೇನವ್ವ ಹಿಂಗೆ? ಇಲಿ ಕಡ್ದಾವೇನು?"

ನಾನು ತಾಂಬೂಲದ ತಟ್ಟೆ ತಂದು ಅಳಿಯನ ಮುಂದೆ ಇಟ್ಟೆ. ವೀಳ್ಯದೆಲೆ, ಅಡಿಕೆ, ಪಕ್ಕದಲ್ಲಿ ಮಡಿಸಿಟ್ಟ ಏಳು ತುಂಡು ಬಟ್ಟೆ.

"ಇವು ನಿಂದೇ ಕೆಲ್ಸ ಅಲ್ವೇನಪ್ಪ? ಎಣಿಸ್ಕೋ. ಏಳು ಅವೆ."

ಒಂದನ್ನು ಎತ್ತಿದ. ಅವನ ಹೆಬ್ಬೆರಳು ರಫೂ ಮೇಲೆ ಹೋಯಿತು.

"ಅದು... ಬಾಗಿಲ ಚಿಲಕಕ್ಕೆ ಸಿಕ್ಕಂಡು ಹರ್ದಿದ್ದು ಅತ್ತೆ."

"ನಿಮ್ಮನೆ ಚಿಲಕಕ್ಕೆ ಐದು ಬೆರಳು ಇರ್ತಾವೇನಲೇ?"

ಅಳಿಯನಿಗೆ ಲೇ ಎಂದದ್ದು ನಮ್ಮ ಮನೆತನದಲ್ಲೇ ನಾನು ಮೊದಲನೆಯವಳಿರಬೇಕು. ಅಂದರೆ ಅಂದೆ, ಏನೀಗ?

ಪಾರ್ವತಮ್ಮ ನಡುವೆ ಬಂದರು. "ಇಷ್ಟಕ್ಕೇ ಇಷ್ಟೊಂದು ರಂಪನಾ? ಯಾವ ಮನ್ಯಾಗಿಲ್ಲ ಹೇಳ್ರಿ. ನಮ್ ಕಾಲ್ದಾಗೆ ಪಿನ್ನು ಹಾಕ್ತಿರ್ಲಿಲ್ಲ, ಸೀರೆ ಹರೀತಿರ್ಲಿಲ್ಲ, ಅಷ್ಟೇ."

ಹೇಳುತ್ತಲೇ ಅವರ ಕೈ ತಾನಾಗಿ ಎಡಹೆಗಲಿನ ಸೆರಗು ಸರಿಮಾಡಿಕೊಂಡಿತು. ನನಗೆ ಅಯ್ಯೋ ಅನ್ನಿಸಿತು. ಆದರೆ ಅವತ್ತು ನನ್ನ ಹತ್ತಿರ ಅಯ್ಯೋ ಅನ್ನುವಷ್ಟು ಪುರುಸೊತ್ತು ಇರಲಿಲ್ಲ.

"ಆಗಿದ್ದಾತು. ಮೂಲೆ ಹೊಲ್ದು ಕೂಸಿನ್ನ ಕೊಡ್ರಿ, ಹೊತ್ತಾತು," ಎಂದರು ಸಣ್ಣ ದನಿಯಲ್ಲಿ.

"ಹೊಲಿಯಂಗಿಲ್ಲ. ಖಾಲಿ ಹೊಟ್ಟೆ ಕೌದಿ ನಮ್ ಹೊಸ್ತಿಲು ದಾಟಂಗಿಲ್ಲ. ಕೌದಿ ಇಲ್ದೆ ಕೂಸು ದಾಟಂಗಿಲ್ಲ. ಕೂಸು ಬಿಟ್ಟು ಅದರ ತಾಯಿ ದಾಟಂಗಿಲ್ಲ."

ಕೊಟ್ರೇಶ್ ಎದ್ದು ನಿಂತ. ನನ್ನನ್ನು ಬಿಟ್ಟು ಮಗಳ ಕಡೆ ತಿರುಗಿದ. "ಮೇಘಾ, ನಿಮ್ಮವ್ವನ ಮಾತು ಕಟ್ಕಬ್ಯಾಡ. ಬರ್ತೀಯೋ ಇಲ್ವೋ ನೀನೇ ಹೇಳು."

ಅಡಿಗೆಮನೆಯ ಬಾಗಿಲಲ್ಲಿ ಕೂಸು ಹೊತ್ತು ನಿಂತಿದ್ದ ಮೇಘ ಅವನನ್ನು ನೇರ ನೋಡಿದಳು. "ನಾನು ಬರಲ್ಲ. ಅವ್ವ ಹೇಳಿದ್ಲು ಅಂತಲ್ಲ. ನಾನೇ ಬರಲ್ಲ."

ಏನೇನೋ ಕೂಗಾಡಿದ. ಪ್ಯಾರಿ ಬೀ ಬಾಗಿಲಿಗೆ ಬಂದು ಕೈಕಟ್ಟಿ ನಿಂತಳು. ಅವಳ ಹಿಂದೆ ಓಣಿಯವರು ನಾಲ್ಕು ಜನ ಬಂದರು. ಅವನ ಕೂಗು ಇಳಿಯಿತು. ತಾಯಿ ಮಗ ಕಾರು ಹತ್ತಿದರು. ತಟ್ಟೆಯ ಒಂದು ಅಡಿಕೆ ಹೋಳನ್ನೂ ಮುಟ್ಟಲಿಲ್ಲ.

ನಾನು ಎದೆ ಸೆಟೆಸಿಕೊಂಡು ಒಳಗೆ ಬಂದೆ. ಗೆದ್ದವಳ ಗತ್ತು. "ನೋಡ್ದೇನೇ, ಹೆಂಗೆ ಓಡ್ಸಿದೆ! ಮೊದ್ಲೇ ಬಾಯಿಬಿಟ್ಟು ಹೇಳಿದ್ರೆ ಆವತ್ತೇ ಓಡ್ಸ್ತಿರ್ಲಿಲ್ವೇನೇ? ಯಾಕೆ ಹೇಳ್ಲಿಲ್ಲ?"

ಮೇಘ ತಟ್ಟೆಯಲ್ಲಿದ್ದ ಏಳು ತುಂಡುಗಳನ್ನು ಒಂದರ ಮೇಲೊಂದು ಇಡುತ್ತಿದ್ದಳು.

"ಹೇಳಿದ್ನಲ್ಲವ್ವ. ಬಟ್ಟೆ ನಿನ್ ಹತ್ರ ಸುಳ್ಳು ಹೇಳಲ್ಲ ಅಂತ ನೀನೇ ಹೇಳ್ತಿದ್ದೆ, ಅದಕ್ಕೇ ಏಳೂ ಹೊತ್ಕಂಡ್ ಬಂದು ನಿನ್ ಮುಂದೆ ಇಟ್ಟೆ. ಇನ್ನೇನು ಕೇಳ್ತೀಯ ಅಂತ ನಿನ್ ಮುಖನೇ ನೋಡ್ತಾ ನಿಂತಿದ್ದೆ. ನೀನು, ರಫೂ ಚೆನ್ನಾಗೈತೆ ಅಂದೆ."

ಅಷ್ಟು ಹೇಳಿ, ಅಳುತ್ತಿದ್ದ ಕೂಸಿಗೆ ಹಾಲು ಕುಡಿಸಲು ಒಳಗೆ ಹೋದಳು.