ಕ್ಯಾಮರಾಕ್ಕೆ ಅಡ್ಡ ಬಂದ ಬೆನ್ನು

ನಮ್ಮನೆಯವರಿಗೆ ಮಾತು ಕಡಿಮೆ, ಬೆನ್ನು ಅಗಲ. ಗೋಡೆಗೆ ಬಣ್ಣ ಹೊಡೆಯೋದು ಅವರ ಕೆಲಸ. ಹೊಡೆದೂ ಹೊಡೆದೂ ತಾವೇ ಗೋಡೆ ಆಗಿಬಿಟ್ಟಿದ್ದಾರೆ ಅಂತ ನಾನು ಆಡಿಕೊಳ್ತಿರ್ತೀನಿ. ನಾನು ಬಟ್ಟೆ ಹೊಲಿಯೋಳು, ಕತ್ತರಿಯಷ್ಟೇ ಬಾಯಿ ಹರಿತ ಅಂತ ಹೆಸರು ಪಡೆದವಳು. ಮದುವೆಯಾದಾಗಿನಿಂದ ನೋಡ್ತಿದ್ದೀನಿ, ಎಲ್ಲಿಗೆ ಹೋದರೂ ಈ ಮನುಷ್ಯ ಬಂದು ನಿಲ್ಲೋದು ನನ್ನ ಮುಂದೆಯೇ. ಬಸ್ಸಿನಲ್ಲಿ, ಅಂಗಡಿಯಲ್ಲಿ, ನೆಂಟರ ಮನೆಯಲ್ಲಿ. ಯಾರ ಮದುವೆ ಫೋಟೋ ತೆಗೆದರೂ ನನ್ನದು ಅರ್ಧ ಕಿವಿ, ಅವರದು ಪೂರ್ತಿ ಬೆನ್ನು. ಸ್ವಲ್ಪ ಗಾಳಿ ಬಿಡ್ರೀ ಅಂದರೆ ಒಂದು ಹೆಜ್ಜೆ ಸರಿದಹಾಗೆ ಮಾಡಿ ಮತ್ತೆ ಅಲ್ಲೇ ಬಂದು ನಿಲ್ತಾರೆ.

ನನಗೆ ಮೂರ್ಛೆ ರೋಗ ಇದೆ. ಬಿದ್ದು ಒದ್ದಾಡೋ ಥರದ್ದಲ್ಲ. ಕೂತಲ್ಲೇ ಒಂದೆರಡು ನಿಮಿಷ ಎಲ್ಲೋ ಹೋಗಿಬಿಡ್ತೀನಿ, ಆಮೇಲೆ ವಾಪಸ್ ಬರ್ತೀನಿ. ಹೋದದ್ದೇ ನನಗೆ ಗೊತ್ತಿರಲ್ಲ. ಕೈಲಿದ್ದ ಚಹಾ ತಣ್ಣಗಾಗಿದ್ದರೆ, ಇಸ್ತ್ರಿ ಪೆಟ್ಟಿಗೆ ಕೆಳಗೆ ಯಾರದೋ ಅಂಗಿ ಕಪ್ಪಾಗಿದ್ದರೆ, ಓಹೋ, ಸವಾರಿ ಹೋಗಿ ಬಂತು ಅಂದುಕೊಳ್ಳೋದು. ಮಾತ್ರೆಗಳಿಗೇನೂ ಬರ ಇರಲಿಲ್ಲ. ಒಂದು ಹಗಲೆಲ್ಲಾ ತೂಕಡಿಸೋ ಹಾಗೆ ಮಾಡ್ತು, ಒಂದು ಮೈ ಬರಿಸ್ತು, ಇನ್ನೊಂದು ಸಿಟ್ಟು ಬರಿಸ್ತು. ಆ ಸಿಟ್ಟು ಮಾತ್ರೆಯದು ಅಂತ ನಾನೂ ಹೇಳಿದೆ, ಡಾಕ್ಟರೂ ಹೇಳಿದರು, ಮನೆಯಲ್ಲಿ ಮಾತ್ರ ಯಾರೂ ನಂಬಲಿಲ್ಲ. ಮೂರ್ಛೆಯಂತೂ ಜಪ್ಪಯ್ಯ ಅನ್ನಲಿಲ್ಲ.

ಹೇಗೋ ನಡೀತಿತ್ತು. ಅಷ್ಟರಲ್ಲಿ ಮಗಳು ಬಸುರಿಯಾದಳು. ನಾನು ಕುಣಿಯೋದೊಂದು ಬಾಕಿ. ಇದ್ದ ಮೆತ್ತನೆ ಬಟ್ಟೆಯನ್ನೆಲ್ಲ ಕತ್ತರಿಸಿ ಪುಟ್ಟ ಪುಟ್ಟ ಅಂಗಿ ಹೊಲಿಯೋಕೆ ಕೂತೆ. ಮಗಳು ಪಕ್ಕದಲ್ಲಿ ಕೂತು ಗುಂಡಿ ಆರಿಸಿಕೊಡ್ತಾ, ತುಂಬಾ ಮೆತ್ತಗೆ, ಮಗೂನ ಎತ್ತಿಕೊಳ್ಳುವಾಗ ಅಪ್ಪ ಪಕ್ಕದಲ್ಲಿದ್ದರೆ ಸಾಕಲ್ವಾ ಅಮ್ಮಾ ಅಂದಳು. ಅವಳ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಅವಳನ್ನೂ ನಾನು ಹಾಗೇ ಬೆಳೆಸಿದ್ದು, ಯಾರಾದರೂ ಕಾವಲಿಗೆ ಇದ್ದಾಗ ಮಾತ್ರ ಎತ್ತಿಕೊಂಡು. ಒಂದೇ ಒಂದು ಸಲವೂ ಅವಳೂ ನಾನೂ ಇಬ್ಬರೇ ಇದ್ದದ್ದಿಲ್ಲ. ಆವತ್ತು ಅದು ತುಂಬಾ ಚುಚ್ಚಿತು. ಈ ಮಗೂನಾದರೂ ಒಬ್ಬಳೇ ಎತ್ತಿಕೊಳ್ಳಬೇಕು ಅಂತ ಹಟ ಹುಟ್ಟಿತು.

ದೊಡ್ಡಾಸ್ಪತ್ರೆಯಲ್ಲಿ ಮಾತ್ರೆಗೆ ಬಗ್ಗದ ಮೂರ್ಛೆಯ ಮೇಲೆ ಒಂದು ಸಂಶೋಧನೆ ನಡೀತಿತ್ತು. ತಲೆಗೆಲ್ಲ ತಂತಿ ಅಂಟಿಸಿ, ಹಗಲೂ ರಾತ್ರಿ ಕ್ಯಾಮರಾ ಕೆಳಗೆ ಮಲಗಿಸಿ, ಮಾತ್ರೆ ಕಡಿಮೆ ಮಾಡಿ, ಮೂರ್ಛೆ ಬರೋದಕ್ಕೆ ಕಾಯ್ತಾರೆ. ಮಿದುಳಿನಲ್ಲಿ ಅದು ಒಂದೇ ಜಾಗದಿಂದ ಶುರುವಾಗ್ತಿದ್ದರೆ ಆಪರೇಷನ್ ಮಾಡಬಹುದು. ಆಪರೇಷನ್ ಆದಮೇಲೆ ಜ್ಞಾಪಕಶಕ್ತಿ, ಮಾತು, ಮನಸ್ಸು ಹೇಗಿರ್ತವೆ ಅಂತ ವರ್ಷಗಟ್ಟಲೆ ನೋಡೋದೇ ಸಂಶೋಧನೆ. ಕೆಲವರಿಗೆ ಬೇಕಾದ ಪದ ಸಟಕ್ಕನೆ ನಾಲಿಗೆಗೆ ಬರದೇ ಇರಬಹುದು ಅಂತ ಅಲ್ಲಿನ ಡಾಕ್ಟರಮ್ಮ ಮೊದಲೇ ಎಚ್ಚರಿಸಿದರು. ನಮ್ಮನೆಯವರು ಅಪರೂಪಕ್ಕೆ ಬಾಯಿ ಬಿಟ್ಟು, ಇವಳ ಹತ್ತಿರ ಬೇಕಾದಷ್ಟು ದಾಸ್ತಾನಿದೆ ಡಾಕ್ಟ್ರೇ, ಸ್ವಲ್ಪ ಹೋದರೂ ನಡೆಯುತ್ತೆ ಅಂದರು. ಡಾಕ್ಟರಮ್ಮ ನಕ್ಕರು. ನಾನು ನಗಲಿಲ್ಲ.

ಹಾಗೆ ಸೇರಿಕೊಂಡೆ. ತಂತಿ ಅಂಟಿಸೋಕೆ ಬಂದವರು ನನ್ನ ವಯಸ್ಸಿನ ಒಬ್ಬ ಹೆಂಗಸು, ನಾನು ಅವರಿಗೆ ತಂತಿಯಮ್ಮ ಅಂತ ಹೆಸರಿಟ್ಟೆ. ಕೂದಲು ಬಿಡಿಸಿ ಬಿಡಿಸಿ ಅಂಟು ಹಾಕ್ತಾ, ನಮ್ಮನೆಯವರಿಗೆ ಪಾಠ ಒಪ್ಪಿಸಿದರು. ಮೂರ್ಛೆ ಬಂದ ಕೂಡಲೇ ಈ ಗುಂಡಿ ಒತ್ತಬೇಕು. ಹೊದಿಕೆ ತೆಗೆಯಬೇಕು. ಪಕ್ಕಕ್ಕೆ ಸರಿದು ಕೂರಬೇಕು. ಮುಖ, ಬಾಯಿ, ಎರಡೂ ಕೈ ಕ್ಯಾಮರಾಕ್ಕೆ ಕಾಣಬೇಕು, ಯಾವ ಕೈ ಮೊದಲು ಏನು ಮಾಡುತ್ತೆ ಅನ್ನೋದರಲ್ಲೇ ಅರ್ಧ ಉತ್ತರ ಇರುತ್ತೆ. ಅವರು ತಲೆಯಾಡಿಸಿದರು. ತಲೆಯಾಡಿಸೋದರಲ್ಲಿ ನಮ್ಮನೆಯವರದು ಎತ್ತಿದ ಕೈ.

ಇನ್ನು ಮೂರ್ಛೆ ಬರಬೇಕಲ್ಲ! ಬೇಡ ಬೇಡ ಅಂದಾಗ ಹೇಳದೆ ಕೇಳದೆ ಬರ್ತಿದ್ದ ನೆಂಟ, ಹಾಸಿಗೆ ಹಾಸಿ ಕಾದರೆ ಈ ಕಡೆ ತಲೆಯೇ ಹಾಕಲಿಲ್ಲ. ಡಾಕ್ಟರಮ್ಮ ಬೆಳಿಗ್ಗೆ ಬಂದು ಬಂತಾ ಅಂತ ಕೇಳೋದು, ಇಲ್ಲ ಅಂದರೆ ಪರೀಕ್ಷೆಯಲ್ಲಿ ಫೇಲಾದವಳನ್ನು ನೋಡೋ ಹಾಗೆ ನೋಡೋದು. ಮಗಳು ಫೋನ್ ಮಾಡಿ, ಇನ್ನೂ ಬಂದಿಲ್ವಾ, ಛೆ ಅಂದಳು. ಜೀವಮಾನದಲ್ಲಿ ಮೊದಲನೇ ಸಲ ನಾನು ಚೆನ್ನಾಗಿದ್ದೀನಿ ಅಂತ ಮನೆಮಂದಿಯೆಲ್ಲ ಬೇಜಾರು ಮಾಡಿಕೊಂಡರು. ಶನಿವಾರಕ್ಕೆ ಈ ಮಂಚ ಇನ್ನೊಬ್ಬರಿಗೆ ಅಂತ ಬೇರೆ ಹೇಳಿಬಿಟ್ಟಿದ್ದರು.

ಕೊನೆಗೂ ಒಂದು ಮಧ್ಯಾಹ್ನ ಬಂತಂತೆ. ನಾನು ನಮ್ಮನೆಯವರಿಗೆ ಚಹಾ ವಿಷಯಕ್ಕೆ ಬೈತಾ ಇದ್ದೆ, ನೋಡ್ತೀನಿ, ಚಹಾ ಆರಿದೆ, ನರ್ಸುಗಳು ಸುತ್ತ ನಿಂತು ಹಲ್ಲು ಬಿಡ್ತಿದ್ದಾರೆ. ನನಗೂ ಹಿಗ್ಗು. ಸ್ವಲ್ಪ ಹೊತ್ತಿಗೆ ತಂತಿಯಮ್ಮ ಪೆಚ್ಚುಮೋರೆ ಹಾಕಿಕೊಂಡು ಬಂದರು. ಫಿಲ್ಮಿನಲ್ಲಿ ನಾನೇ ಇಲ್ಲವಂತೆ, ಬರೀ ಬೆನ್ನಿದೆಯಂತೆ. ನಮ್ಮನೆಯವರು ಗುಂಡಿ ಒತ್ತಿದ್ದಾರೆ, ಒತ್ತಿ ನೇರ ಬಂದು ನನ್ನ ಮುಂದೆ ನಿಂತಿದ್ದಾರೆ. ಮತ್ತೆ ಪಾಠ ಆಯಿತು, ಮತ್ತೆ ತಲೆಯಾಡಿಸಿದ್ದಾಯಿತು. ಮಾರನೇ ದಿನ ಇನ್ನೊಂದು ಬಂತು. ಈ ಸಲ ಬೆನ್ನಿನ ಜೊತೆಗೆ ಹೊದಿಕೆಯನ್ನೂ ನನ್ನ ಗದ್ದದವರೆಗೆ ಎಳೆದು, ಮಂಚದ ಪರದೆಯನ್ನೂ ಮುಚ್ಚಿದ್ದರು.

ನಾನು ಕೆಂಡವಾದೆ. ಮಾತ್ರೆ ಕಡಿಮೆ ಮಾಡಿದ್ದರೂ ಸಿಟ್ಟು ಕಡಿಮೆಯಾಗಿಲ್ಲ ಅಂತ ಆವತ್ತು ವಾರ್ಡಿಗೆಲ್ಲ ಗೊತ್ತಾಯಿತು. ನಾನು ವಾಸಿಯಾಗೋದು ನಿಮಗೆ ಬೇಡವಾ ಅಂತ ಕೇಳಿಬಿಟ್ಟೆ. ಅವರು ತಲೆ ತಗ್ಗಿಸಿ, ಕಾಲು ತಾನಾಗೇ ಎದ್ದು ಬರುತ್ತೆ ಕಣೆ, ಏನ್ಮಾಡ್ಲಿ ಅಂದರು. ಆ ಕಾಲಿಗೆ ಏನು ಬಂದಿದೆ ನೋಡೇಬಿಡೋಣ ಅಂತ ನಾನು ಫಿಲ್ಮು ತೋರಿಸಿ ಅಂತ ಹಟ ಹಿಡಿದೆ. ಡಾಕ್ಟರಮ್ಮ ಒಪ್ಪಿದರು. ನಮ್ಮನೆಯವರು ಬೀಡಿ ಸೇದೋ ಅಭ್ಯಾಸ ಇಲ್ಲದಿದ್ದರೂ ಬೀಡಿ ಸೇದಿ ಬರ್ತೀನಿ ಅಂತ ಜಾಗ ಖಾಲಿ ಮಾಡಿದರು.

ಕಂಪ್ಯೂಟರ್ ಪರದೆ ಮೇಲೆ ಚೌಕಳಿ ಅಂಗಿಯ ಬೆನ್ನು. ನಾನೇ ಹೊಲಿದ ಅಂಗಿ, ಎಡಗಡೆ ಹೊಲಿಗೆ ಸ್ವಲ್ಪ ಎಳೆದಿತ್ತು, ಅದೂ ಕಾಣ್ತಿತ್ತು. ಫಿಲ್ಮಿಗೆ ಧ್ವನಿಯೂ ಇರುತ್ತೆ ಅನ್ನೋದು ನನಗೆ ಗೊತ್ತಿರಲಿಲ್ಲ. ಮನೆಯಲ್ಲಿ ಉಪ್ಪು ಕಡಿಮೆ ಅನ್ನೋದಕ್ಕೂ ಬಾಯಿ ಬಿಡದ ಈ ಮನುಷ್ಯ, ಒಂದೇ ಸಮನೆ ಮಾತಾಡ್ತಿದ್ದರು. ಇಲ್ಲೇ ಇದ್ದೀನಿ ಕಣೆ, ಅವಸರ ಇಲ್ಲ, ನಿಧಾನವಾಗಿ ಬಾ ಅಂತ. ಮಗಳು ಊಟ ಮಾಡಿದಳಂತೆ, ಮಗು ಒದೀತಿದೆಯಂತೆ ಅಂತ. ಒಂದೆರಡು ನಿಮಿಷ ಹಾಗೇ ಹೋಯಿತು. ಆಮೇಲೆ ಆ ಬೆನ್ನಿನ ಹಿಂದಿನಿಂದ ಒಂದು ಧ್ವನಿ ಬಂತು. ನಿದ್ದೆಗಣ್ಣಿನ ಮಗುವಿನ ಹಾಗೆ, ಹೆದರಿದ ಧ್ವನಿ. ನನ್ನದೇ.

"ಯಾರಾದ್ರೂ ನೋಡಿದ್ರಾ?"

"ಯಾರೂ ನೋಡಿಲ್ಲ," ಅಂದರು ನಮ್ಮನೆಯವರು.

ಎರಡನೇ ಫಿಲ್ಮಿನಲ್ಲೂ ಅದೇ ಪ್ರಶ್ನೆ, ಅದೇ ಉತ್ತರ. ನಾನು ಹಾಗೆ ಕೇಳ್ತೀನಿ ಅಂತ ನನಗೆ ಗೊತ್ತೇ ಇರಲಿಲ್ಲ. ಪೂರ್ತಿ ಎಚ್ಚರ ಆಗೋ ಮೊದಲು ಹೀಗೆ ಮಾತಾಡಿ ಮರೆಯೋದು ಉಂಟು ಅಂತ ಡಾಕ್ಟರಮ್ಮ ವಿವರಿಸಿದರು. ಯಾವತ್ತಿನಿಂದ ಕೇಳ್ತಿದ್ದೀನಿ ಅಂತ ವಾಪಸ್ ಬಂದ ಗಂಡನನ್ನು ಕೇಳಿದೆ. ಮದುವೆಯಾದ ಹೊಸದರಿಂದ ಅಂದರು. ನಿಮ್ಮ ಚಿಕ್ಕಮ್ಮನ ಮನೆಯಲ್ಲಿ ಮೊದಲನೇ ಸಲ ಬಂದಾಗ ಎಲ್ಲರೂ ನೋಡಿದ್ದರು, ನಾನೂ ಪೆದ್ದನ ಹಾಗೆ ಹೌದು ಅಂದುಬಿಟ್ಟೆ, ಆವತ್ತು ನೀನು ಅತ್ತದ್ದು ನನ್ನಿಂದ ನೋಡೋಕಾಗಲಿಲ್ಲ ಅಂದರು. ಅಲ್ಲಿಂದೀಚೆಗೆ ಸುಳ್ಳು ಹೇಳಬೇಕಾಗದೇ ಇರಲಿ ಅಂತ ಹೋದಲ್ಲೆಲ್ಲ ಅಡ್ಡ ನಿಲ್ಲೋದಂತೆ. ಯಾರ ಜೊತೆಗೂ ಜಗಳ ಕಾಯೋಕೆ ನನಗೆ ಒಂದು ಕ್ಷಣ ಬೇಡ, ಆವತ್ತು ಮಾತ್ರ ಅತ್ತುಬಿಟ್ಟೆ. ತಂತಿಯಮ್ಮ, ಅಳಬೇಡಿ, ತಂತಿಯೆಲ್ಲ ಅಲ್ಲಾಡುತ್ತೆ ಅಂತ ಗದರಿ, ತಾವೇ ಕಣ್ಣು ಒರೆಸಿಕೊಂಡರು.

ಶುಕ್ರವಾರ ಆಗಿತ್ತು. ನಾನು ಅವರನ್ನು ಮಂಚದ ಹತ್ತಿರ ಕೂರಿಸಿಕೊಂಡು ಹೇಳಿದೆ.

"ಈ ಸಲ ನೋಡ್ಲಿ ಬಿಡ್ರೀ. ಎಲ್ಲರೂ ನೋಡ್ಲಿ. ನಾನು ಕೇಳಿದ್ರೆ ನಿಜಾನೇ ಹೇಳಿ."

"ಅತ್ತರೆ?"

"ಅತ್ತರೆ ಅಳ್ತೀನಿ. ನೀವು ಏಳಬೇಡಿ ಅಷ್ಟೇ."

ಮೂರನೆಯದು ಸಂಜೆ ಬಂತು. ಆ ಫಿಲ್ಮನ್ನು ಇಬ್ಬರೂ ಜೊತೆಗೆ ಕೂತು ನೋಡಿದೆವು. ನನ್ನ ಮೂರ್ಛೆಯನ್ನು ನಾನು ನೋಡಿದ್ದು ಅದೇ ಮೊದಲು. ಏನೂ ಇಲ್ಲ, ಒಬ್ಬ ಹೆಂಗಸು ಎಲ್ಲೋ ದಿಟ್ಟಿಸಿಕೊಂಡು ಬಾಯಿ ಚಪ್ಪರಿಸ್ತಾಳೆ, ಎಡಗೈಯಲ್ಲಿ ಅಂಗಿಯ ಅಂಚನ್ನು ಜಿಗುಟ್ತಾಳೆ, ಹೊಲಿಗೆ ಬಿಚ್ಚೋಳ ಹಾಗೆ. ಇಷ್ಟಕ್ಕಾ ಇಷ್ಟು ವರ್ಷ ಅಂದುಕೊಂಡೆ. ಫಿಲ್ಮಿನಲ್ಲಿ ಮಂಚದ ಪಕ್ಕದ ಕುರ್ಚಿಯಲ್ಲಿ ನಮ್ಮನೆಯವರು ಎರಡೂ ಕೈಯನ್ನು ತೊಡೆ ಕೆಳಗೆ ಹಾಕಿಕೊಂಡು ಕೂತಿದ್ದಾರೆ. ಕಾಲು ಎರಡು ಸಲ ಎದ್ದು ಎರಡು ಸಲ ಕೂತಿತು. ಕೊನೆಗೆ ನಾನು ಕೇಳಿದೆ, ಯಾರಾದ್ರೂ ನೋಡಿದ್ರಾ ಅಂತ.

"ಎಲ್ಲರೂ ನೋಡಿದ್ರು ಕಣೆ," ಅಂದರು ಅವರು. "ಚೆನ್ನಾಗೇ ಕಾಣ್ತಿದ್ದೆ."

ಫಿಲ್ಮಿನಲ್ಲಿ ನಾನು ಅಳಲಿಲ್ಲ. ಹೌದಾ ಅಂದು ಮಗ್ಗುಲಾದೆ.

ಜಾಗ ಒಂದೇ ಅಂತ ಗೊತ್ತಾಯಿತು. ಮುಂದೆ ಇನ್ನಷ್ಟು ಪರೀಕ್ಷೆ ಆಗಿ ಆಪರೇಷನ್ನೂ ಆಯಿತು. ಮೊನ್ನೆ ಇಸ್ತ್ರಿ ಪೆಟ್ಟಿಗೆ ಅನ್ನೋ ಪದಕ್ಕೆ ತಡಕಾಡಿದೆ, ನಮ್ಮನೆಯವರಿಗೆ ಏನು ಖುಷಿ! ಮಾತ್ರೆ ಇನ್ನೂ ಇದೆ, ಆದರೆ ಆಪರೇಷನ್ ಆದಮೇಲೆ ಚಹಾ ಒಂದು ಸಲವೂ ಕೈಯಲ್ಲಿ ಆರಿಲ್ಲ. ಸಾಕಷ್ಟು ಕಾಲ ಹೀಗೇ ಕಳೆದ ಮೇಲೆ, ಮಗೂನ ಒಬ್ಬಳೇ ಎತ್ತಿಕೊಳ್ಳಬಹುದಾ ಅಂತ ಕೇಳಿದ್ದಕ್ಕೆ ಡಾಕ್ಟರಮ್ಮ ಸರಿ ಅಂದರು.

ಮೊಮ್ಮಗಳಿಗೆ ಈಗ ಎರಡು ಹಲ್ಲು. ಇವತ್ತು ಮಗಳು ಅವಳನ್ನು ನನ್ನ ಕೈಗೆ ಕೊಟ್ಟು ಸ್ನಾನಕ್ಕೆ ಹೋದಳು. ನಮ್ಮನೆಯವರು ಅಭ್ಯಾಸಬಲದಿಂದ ಎದ್ದು ಬಂದು ಮುಂದೆ ನಿಂತರು. ನನ್ನ ಮುಖ ನೋಡಿದರು, ಮಗುವಿನ ಮುಖ ನೋಡಿದರು, ಏನೋ ಕೆಲಸ ಇದೆ ಅಂತ ಗೊಣಗಿಕೊಂಡು ಬಾಗಿಲು ಎಳೆದುಕೊಂಡು ಹೊರಗೆ ಹೋದರು. ಅಂಗಳದ ಗೋಡೆ ಕೆರೆಯೋ ಸದ್ದು ಕೇಳ್ತಿದೆ, ಹೋದ ತಿಂಗಳಷ್ಟೇ ಬಣ್ಣ ಹೊಡೆದ ಗೋಡೆ. ಕೋಣೆಯಲ್ಲಿ ಮಗುವೂ ನಾನೂ ಇಬ್ಬರೇ. ಯಾರೂ ನೋಡ್ತಿಲ್ಲ.