ಗೋಡೆಯಾಚೆಯ ಪಿಟೀಲು

ಈ ಮನೆಯಲ್ಲಿ ಪಿಟೀಲು ಕಲಿಯಲು ಹೊರಟವಳು ನಾನು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಮನೆಮಂದಿಗೆಲ್ಲ ಅದು ಮರೆತೇ ಹೋಗಿದೆ. ಪರದೆ ಹೊಲಿಯುವ ಅಂಗಡಿಯಲ್ಲಿ ಬೆನ್ನು ಬಗ್ಗಿಸಿ ದುಡಿದು, ನಲವತ್ತು ದಾಟಿದ ಮೇಲೆ ನಾಚಿಕೆ ಬಿಟ್ಟು ಪಿಟೀಲು ಕೊಂಡವಳು ನಾನು. ಸೈಕಲ್ ಅಂಗಡಿಯ ಮೇಲಿನ ಕೋಣೆಯಲ್ಲಿ ಪಾಠ ಹೇಳುವ ಮೇಷ್ಟ್ರನ್ನು ಹುಡುಕಿದವಳೂ ನಾನೇ. “ಮಗೂನ ಸೇರಿಸೋಕೆ ಬಂದ್ರಾ?” ಎಂದು ಅವರು ಕೇಳಿದಾಗ, “ಇಲ್ಲ ಮೇಷ್ಟ್ರೇ, ನನ್ನನ್ನೇ ಸೇರಿಸ್ಕೊಳ್ಳಿ” ಎಂದು ಕಿವಿಯವರೆಗೂ ಕೆಂಪಾದವಳು ನಾನು.

ಅವಳು ಬಂದದ್ದು ಆಮೇಲೆ.

ಅವಳೆಂದರೆ ನನ್ನ ವಾರಗಿತ್ತಿ, ಮೈದುನನ ಹೆಂಡತಿ. ಒಂದು ಮನೆ, ಒಂದೇ ಅಡುಗೆಮನೆ, ಎರಡು ಸಂಸಾರ, ಎಲ್ಲದರ ಮೇಲೆ ಕಣ್ಣಿಡಲು ಅತ್ತೆ. ಚಿಕ್ಕವಳಿಗೆ ಕಣ್ಣಾಸ್ಪತ್ರೆಯಲ್ಲಿ ರೋಗಿಗಳ ಹೆಸರು ಕೂಗುವ ಕೆಲಸ. ಕೈ ಹಾಕಿದ್ದೆಲ್ಲ ಅವಳಿಗೆ ಕೂಡಿಬರುತ್ತದೆ. ನಾನು ನೀರು ಹಾಕಿ ಹಾಕಿ ಸೋತ ಗಿಡ ಅವಳ ಕಿಟಕಿಯಲ್ಲಿ ಹೂ ಬಿಟ್ಟಿತು. ನನ್ನನ್ನು ಕಂಡರೆ ಗುರ್ ಎನ್ನುವ ಬೀದಿಯ ನಾಯಿ ಅವಳ ಹಿಂದೆ ಬಾಲ ಆಡಿಸಿಕೊಂಡು ಹೋಗುತ್ತದೆ.

ಒಂದು ದಿನ, ಅತ್ತೆ ಎದುರಿಗೇ ಕೂತಿದ್ದಾಗ, ಅವಳು ಕೇಳಿದಳು. “ಅಕ್ಕಾ, ನೀವು ಅಂಗಡಿಗೆ ಹೊರಡೋಕೆ ಮುಂಚೆ ಪಿಟೀಲು ಸುಮ್ನೆ ಪೆಟ್ಟಿಗೇಲಿ ಬಿದ್ದಿರುತ್ತಲ್ಲ, ನಾನೂ ಸ್ವಲ್ಪ ಎಳೆದು ನೋಡ್ಲಾ?”

ಅತ್ತೆಯ ಮುಂದೆ ದೊಡ್ಡವಳು ದೊಡ್ಡ ಮನಸ್ಸು ತೋರಿಸಬೇಡವೇ? “ಅದಕ್ಕೇನಂತೆ, ತಗೋ” ಎಂದೆ. ಆ ಮೂರು ಕಾಸಿನ ದೊಡ್ಡಸ್ತಿಕೆಗೆ ನನ್ನ ನಾಲಿಗೆಯನ್ನೇ ಕಚ್ಚಿಕೊಳ್ಳಬೇಕಿತ್ತು.

ಅಂದಿನಿಂದ ಬೆಳಗಿನ ಹೊತ್ತು ಪಿಟೀಲು ಅವಳದು, ಸಂಜೆ ನನ್ನದು. ಒಬ್ಬಳು ಒಳಕೋಣೆಯಲ್ಲಿ ನುಡಿಸುವಾಗ ಇನ್ನೊಬ್ಬಳಿಗೆ ಅಡುಗೆಮನೆ. ಪಾಠಕ್ಕೂ ಅವಳು ನನ್ನ ಜೊತೆಗೇ ಬರತೊಡಗಿದಳು. ಪಿಟೀಲಿನ ಕೆಳಗೆ ಭುಜಕ್ಕೆ ಆನಿಸುವ ಪಟ್ಟಿಯೊಂದಿರುತ್ತದೆ. ಅವಳದು ಉದ್ದ ಕತ್ತು, ನನ್ನದು ಗಿಡ್ಡ. ಸಂಜೆ ಪೆಟ್ಟಿಗೆ ತೆರೆದರೆ ಪಟ್ಟಿ ಅವಳ ಅಳತೆಗೆ ಎದ್ದು ನಿಂತಿರುತ್ತಿತ್ತು. ನನ್ನ ಚಪ್ಪಲಿಯೊಳಗೆ ಬೇರೆಯವರ ಕಾಲಿನ ಬಿಸಿ ತಗಲಿದಂತೆ ಮೈ ಉರಿಯುತ್ತಿತ್ತು.

ಅಷ್ಟಾದರೂ ಸಹಿಸಿಕೊಳ್ಳುತ್ತಿದ್ದೆ. ಸಹಿಸಲಾಗದ್ದು ಅವಳ ನುಡಿಸಾಣಿಕೆ. ನಾನು ಗದ್ದದಡಿ ಪಿಟೀಲಿಟ್ಟು ಕಮಾನು ಎಳೆದರೆ ಕೆರೆತ, ಸೀಳು, ಹಳೇ ಬಾಗಿಲಿನ ಕಿರ್ರು. ಅದೇ ಪಿಟೀಲು, ಅದೇ ಕಮಾನು, ಅದೇ ಪುಟ್ಟ ಪಾಠ, ಅವಳು ನುಡಿಸಿದರೆ ಗೋಡೆಯಾಚೆಯಿಂದ ತೆಳ್ಳಗೆ, ನುಣ್ಣಗೆ ಬರುತ್ತಿತ್ತು. ಒಂದು ಬೆಳಿಗ್ಗೆ ಒಲೆಯ ಮುಂದೆ ಹಾಗೇ ಕೇಳುತ್ತ ನಿಂತವಳಿಗೆ ಹಾಲು ಉಕ್ಕಿ ಒಲೆಯೆಲ್ಲ ಹರಿದದ್ದೇ ತಿಳಿಯಲಿಲ್ಲ. ಸೀದ ವಾಸನೆಗೆ ಅತ್ತೆ ಎದ್ದು ಬಂದರು.

“ಚಿಕ್ಕವಳ ಕೈ ಅಂದ್ರೆ ಕೈ ಕಣಮ್ಮ. ನಿಂಗೆ ಹಾಲಿನ ಮೇಲೂ ಗಮನ ಇಲ್ಲ,” ಎಂದರು.

ನಾನು ಒಲೆ ಒರೆಸಿದೆ. ಒರೆಸುತ್ತ ಅವಳ ಬೆರಳಿಗೆ ಏನಾದರೂ ಆಗಲಿ ಎಂದು ಬಯಸಿದೆ. ದೊಡ್ಡದೇನಲ್ಲ, ಒಂದು ಸಣ್ಣ ಬೊಕ್ಕೆ.

ಹೀಗಿರುವಾಗ ಮೇಷ್ಟ್ರು ಹೊಸದೊಂದು ಕಿಡಿ ಹಚ್ಚಿದರು. ಅವರದೊಂದು ವಾದ್ಯಮೇಳವಿದೆ. ಅಂಚೆ ನೌಕರರು, ದರ್ಜಿಗಳು, ನಿವೃತ್ತ ಗುಮಾಸ್ತರೆಲ್ಲ ಸೇರಿ ಆಗಾಗ ಶಾಲೆಯ ಸಭಾಂಗಣದಲ್ಲಿ ನುಡಿಸುತ್ತಾರೆ. “ಹಿಂದಿನ ಸಾಲಲ್ಲಿ ಒಂದು ಕುರ್ಚಿ ಖಾಲಿಯಾಗಿದೆ. ಭಾನುವಾರ ಇಬ್ಬರೂ ನುಡಿಸಿ ತೋರಿಸಿ, ಒಬ್ಬರನ್ನ ತಗೋತೀನಿ,” ಎಂದರು.

ಆ ಕುರ್ಚಿ ನನಗೆ ಬೇಕಿತ್ತು. ಎಷ್ಟು ಬೇಕಿತ್ತೆಂದರೆ ಹೊಲಿಯುವಾಗ ಕಣ್ಣ ಮುಂದೆ ಅದೇ. ನನ್ನ ಆಯುಷ್ಯವೆಲ್ಲ ಬೇರೆಯವರ ಕಿಟಕಿಗೆ ಪರದೆ ಹೊಲಿದದ್ದೇ ಆಯಿತು. ಒಂದು ಸಲ ಪರದೆ ಸರಿದಾಗ ಆಚೆ ನಾನು ಕೂತಿರಬೇಕು ಎನ್ನುವುದು ಅಂಥ ಅತಿಯಾಸೆಯೇ? ಅಂಗಡಿಯಲ್ಲಿ ಬಟ್ಟೆ ಕತ್ತರಿಸುವ ಅಣ್ಣ ನಾನು ಹೊಲಿದದ್ದನ್ನು ಎತ್ತಿ ಹಿಡಿದು ನಕ್ಕ.

“ಏನಕ್ಕಾ ಇದು, ನೆರಿಗೆ ಹಿಡಿದಿದ್ದೀಯೋ ಯಾರದಾದ್ರೂ ಕತ್ತು ಹಿಚುಕಿದ್ದೀಯೋ?”

ಎಲ್ಲ ಬಿಚ್ಚಿ ಮತ್ತೆ ಹೊಲಿದೆ.

ಶುಕ್ರವಾರ ಅಂಗಡಿಯಿಂದ ನೆಟ್ಟಗೆ ಮೇಷ್ಟ್ರ ಕೋಣೆಗೆ ಹೋದೆ, ಒಬ್ಬಳೇ. “ನನ್ನ ಪಿಟೀಲು ನನಗೇ ಯಾಕೆ ಒಲಿಯಲ್ಲ ಮೇಷ್ಟ್ರೇ? ನನ್ನ ಕೈಲಿ ಗರಗಸ, ಅವಳ ಕೈಲಿ ಜೇನು,” ಎಂದು ಅತ್ತೇಬಿಟ್ಟೆ.

ಮೇಷ್ಟ್ರು ನಗಲಿಲ್ಲ. ತಮ್ಮ ಪಿಟೀಲು ತೆಗೆದು, ನನ್ನನ್ನು ಮೆಟ್ಟಿಲಿನ ಕೆಳಗೆ ನಿಲ್ಲಿಸಿ ನುಡಿಸಿದರು. ಹಾಯಾಗಿತ್ತು. ಆಮೇಲೆ ಮೇಲೆ ಕರೆದು, “ಈಗ ಇಲ್ಲಿ ಕಿವಿ ಕೊಡಿ” ಎಂದು ಪಿಟೀಲಿನ ಪಕ್ಕದಲ್ಲೇ ತಲೆ ಇಡಿಸಿ ಅದನ್ನೇ ನುಡಿಸಿದರು. ಕೆರೆತ! ಮೂವತ್ತು ವರ್ಷ ನುಡಿಸಿದ ಮನುಷ್ಯನ ಪಿಟೀಲಿನಲ್ಲೂ ಅದೇ ಕೆರೆತ, ಅದೇ ಕಿರ್ರು.

“ಅದೆಲ್ಲ ನುಡಿಸೋರ ಪಾಲಿಗಮ್ಮ. ಕಿವಿಗೆ ಅಂಟಿಕೊಂಡೇ ಇರುತ್ತಲ್ಲ. ದೂರ ಹೋದಂಗೆ ಕೆರೆತ ಉದುರಿಹೋಗುತ್ತೆ, ಸ್ವರ ಮಾತ್ರ ಉಳಿಯುತ್ತೆ. ನಿಮ್ಮ ಕೈ ಚೆನ್ನಾಗೇ ಇದೆ. ಅವರದೂ ಅಷ್ಟೇ.”

“ಅವರದೂ ಅಷ್ಟೇ” ಎಂದದ್ದು ನನ್ನ ಕಿವಿಗೆ ಬೀಳಲೇ ಇಲ್ಲ ಎನ್ನಬಹುದು. ನೆಲದ ಮೇಲೆ ಕಾಲು ನಿಲ್ಲದೆ ಮನೆಗೆ ಬಂದೆ. ಪಿಟೀಲು ತೆಗೆದು, ಪಟ್ಟಿಯನ್ನು ನನ್ನ ಕತ್ತಿಗೆ ಇಳಿಸಿಕೊಂಡು, ಕೆರೆತಕ್ಕೆ ಅಂಜದೆ ಕಮಾನು ಎಳೆದೆ. ಪಾಠವನ್ನು ಮೊದಲಿಂದ ಕೊನೆಯವರೆಗೂ ನುಡಿಸಿದೆ. ಮುಗಿಯುವಷ್ಟರಲ್ಲಿ ಸೀದ ವಾಸನೆ ಬಂತು.

ಅಡುಗೆಮನೆಗೆ ಓಡಿದೆ. ಹಾಲು ಉಕ್ಕಿ ಒಲೆ ಆರಿಹೋಗಿತ್ತು. ಚಿಕ್ಕವಳು ಸೌಟು ಹಿಡಿದುಕೊಂಡು ಗೋಡೆಯ ಕಡೆ ಮುಖ ಮಾಡಿ ನಿಂತಿದ್ದಳು. ಆ ಮುಖ ನನಗೆ ಚೆನ್ನಾಗಿ ಗೊತ್ತು. ದಿನಾ ಬೆಳಿಗ್ಗೆ ಅದನ್ನು ಹೊತ್ತುಕೊಂಡು ತಿರುಗುತ್ತಿದ್ದವಳು ನಾನೇ ತಾನೇ.

“ನೋಡ್ಲೇ ಇಲ್ಲ ಅಕ್ಕಾ,” ಎಂದಳು. ಆಮೇಲೆ ಒರೆಸುವ ಬಟ್ಟೆ ತೆಗೆದುಕೊಳ್ಳುತ್ತ, “ಭಾನುವಾರ ನೀವೊಬ್ರೇ ಹೋಗಿಬನ್ನಿ. ನಾನು ಎಳೆದ್ರೆ ಬೆಕ್ಕಿನ ಬಾಲ ತುಳಿದಂಗಿರುತ್ತೆ. ನಿಮ್ಮದು ಕೇಳಿದ್ರೆ ಹೊಟ್ಟೆ ಉರಿಯುತ್ತೆ, ಸುಳ್ಳು ಯಾಕೆ ಹೇಳ್ಲಿ. ಅತ್ತೆನೂ ದಿನಾ ಅದನ್ನೇ ಹೇಳ್ತಾರೆ, ದೊಡ್ಡವಳ ಕೈ ಅಂದ್ರೆ ಕೈ ಅಂತ,” ಎಂದಳು.

ಒಂದೇ ಮಾತು ಸಾಕಿತ್ತು. ಮೇಷ್ಟ್ರು ನನಗೆ ತೋರಿಸಿದ್ದನ್ನು ಅವಳಿಗೆ ಹೇಳಿದ್ದರೆ ಮುಗಿಯುತ್ತಿತ್ತು. ಅದು ನಾಲಿಗೆಯ ತುದಿಯವರೆಗೂ ಬಂತು. ಆದರೆ ಹಿಂದಿನ ಸಾಲಿನ ಆ ಕುರ್ಚಿ ಅಲ್ಲೇ ಅಡ್ಡ ಕೂತಿತ್ತು.

“ನಿನ್ನಿಷ್ಟ,” ಎಂದೆ. ಇಬ್ಬರೂ ಸೇರಿ ಒಲೆ ಒರೆಸಿದೆವು.

ಕುರ್ಚಿ ನನ್ನದಾಯಿತು. ಸಭಾಂಗಣದಲ್ಲಿ ಪರದೆ ಸರಿಯಿತು. ಹೊಲಿಗೆ ಒಂದು ಕಡೆ ಬಿಟ್ಟುಕೊಂಡಿತ್ತು, ನಮ್ಮ ಅಂಗಡಿಯದಲ್ಲ. ಎಲ್ಲರೊಂದಿಗೆ ನಾನೂ ಕಮಾನು ಎತ್ತಿದೆ. ಮೊದಲ ಸಾಲಿನಲ್ಲಿ ಮನೆಯವರೆಲ್ಲ ಕೂತಿದ್ದರು. ನಾನು ಜೀವ ತೇದು ನುಡಿಸಿದೆ, ನನಗೆ ಕೇಳಿಸಿದ್ದು ಕೆರೆತ ಮಾತ್ರ. ಚಿಕ್ಕವಳು ಕಣ್ಣು ಮುಚ್ಚಿಕೊಂಡು, ತುಟಿ ತುಸು ತೆರೆದು, ಅಲುಗಾಡದೆ ಕೇಳುತ್ತಿದ್ದಳು. ಇಷ್ಟೆಲ್ಲ ಮಾಡಿ ಕುರ್ಚಿ ಕಿತ್ತುಕೊಂಡವಳು ನಾನು, ಸಂಗೀತ ಪೂರ್ತಿ ದಕ್ಕಿದ್ದು ಅವಳಿಗೆ! ಆಗ ಬಂದ ಹೊಟ್ಟೆಕಿಚ್ಚಿನ ಮುಂದೆ ಹಿಂದಿನದೆಲ್ಲ ಏನೂ ಅಲ್ಲ.

ಆಮೇಲೆ ಮನೆ ತಣ್ಣಗಾಯಿತು. ಅವಳು ಪೆಟ್ಟಿಗೆ ಮುಟ್ಟಲಿಲ್ಲ. ಸಂಜೆ ತೆರೆದರೆ ಪಟ್ಟಿ ನಾನು ಬಿಟ್ಟ ಅಳತೆಯಲ್ಲೇ ಇರುತ್ತಿತ್ತು. ಬೆಳಿಗ್ಗೆ ಒಲೆಯ ಮುಂದೆ ನಿಂತು ಹಾಲನ್ನೇ ನೋಡುತ್ತಿದ್ದೆ, ಗೋಡೆಯಾಚೆಯಿಂದ ಕೇಳುವುದಕ್ಕೆ ಏನೂ ಇರಲಿಲ್ಲ. ಹಾಲು ಉಕ್ಕುವ ಮೊದಲೇ ಇಳಿಸುತ್ತಿದ್ದೆ. “ಈಗ ದಾರಿಗೆ ಬಂದೆ,” ಎಂದರು ಅತ್ತೆ. ಅಷ್ಟು ಬೇಜಾರಿನ ಹೊಗಳಿಕೆಯನ್ನು ನಾನು ಜನ್ಮದಲ್ಲಿ ಕೇಳಿರಲಿಲ್ಲ.

ಇವತ್ತು ಬೆಳಿಗ್ಗೆ ಪಿಟೀಲು ತೆಗೆದು, ಭುಜದ ಪಟ್ಟಿಯನ್ನು ಉದ್ದ ಕತ್ತಿನ ಅಳತೆಗೆ ಎತ್ತರಿಸಿ, ಅವಳ ಕೈಗೆ ತುರುಕಿದೆ.

“ಒಳಗೆ ಹೋಗಿ ನುಡಿಸು.”

“ನನ್ನದೇನು ಕೇಳ್ತೀರಿ ಅಕ್ಕಾ, ಕರ್ಮ!”

“ಮೇಷ್ಟ್ರು ಒಂದು ವಿಷಯ ಹೇಳಿದ್ರು. ಬಂದ ಮೇಲೆ ಹೇಳ್ತೀನಿ. ಕೇಳಿದ್ರೆ ನನ್ನ ಮೇಲೆ ಸಿಟ್ಟು ಬರುತ್ತೆ ನಿಂಗೆ, ಅದಕ್ಕೇ ಮೊದಲು ನುಡಿಸು.”

ಅವಳು ನನ್ನನ್ನೇ ಒಮ್ಮೆ ನೋಡಿ ಒಳಗೆ ಹೋದಳು. ನಾನು ಹಾಲಿಟ್ಟೆ. ಗೋಡೆಯಾಚೆ ತಂತಿ ಮಿಡಿಯಿತು, ಒಂದು ಸ್ವರ ತಡವರಿಸಿ ಎದ್ದು ನಿಂತಿತು. ನನ್ನ ಹೊಟ್ಟೆ ಮೊದಲಿನಂತೆಯೇ ಉರಿಯತೊಡಗಿತು. ಪಾತ್ರೆಯಲ್ಲಿ ಹಾಲು ಅಂಚಿನವರೆಗೂ ಏರಿ ಬಂತು, ನಾನು ಒಲೆ ಸಣ್ಣ ಮಾಡಲಿಲ್ಲ.